ಪಿಸಿಆರ್ ವರದಿ ಮತ್ತು ಅದರ ಹಿಂದಿನ ವಕ್ರರೇಖೆ

ಈ ವಿಭಾಗಕ್ಕೆ ಬರುವ ಪತ್ರಗಳಲ್ಲಿಯೂ ಚಿಕಿತ್ಸೆಗೆಂದು ಬರುವ ಸದ್ಭಕ್ತರ ಮಾತುಗಳಲ್ಲಿಯೂ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಪ್ರಯೋಗಾಲಯದ ವರದಿಯನ್ನು ಮುಂದಿಟ್ಟು, "ಇದರಲ್ಲಿ ಸಿಟಿ ಮೌಲ್ಯ 34 ಎಂದು ಬರೆದಿದ್ದಾರೆ, ರೋಗ ಬಹಳ ಏರಿದೆಯೇ?" ಎಂದು ಅವರು ಆತಂಕದಿಂದ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಈ ಪರೀಕ್ಷೆಯು ಆ ಕಾಲದೊಂದಿಗೆ ಮುಗಿದುಹೋಗಲಿಲ್ಲ. ಕ್ಷಯ, ಯಕೃತ್ತಿನ ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಡೆಂಗ್ಯೂ, ಮಲೆನಾಡಿನ ಮಂಗನ ಕಾಯಿಲೆ ಇವೆಲ್ಲವುಗಳಲ್ಲಿ ಇಂದು ಇದೇ ಪರೀಕ್ಷೆ ಬಳಕೆಯಲ್ಲಿದೆ. ಆದುದರಿಂದ ವರದಿಯ ಆ ಒಂದು ಸಂಖ್ಯೆ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲೇ ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. ಈ ಸಿಟಿಗೂ ಎದೆಯ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್‌ಗೂ ಯಾವ ಸಂಬಂಧವೂ ಇಲ್ಲ. ಇನ್ನೊಂದು ಮಾತು. ರಕ್ತದ ಸಕ್ಕರೆ, ರಕ್ತದೊತ್ತಡ ಇವುಗಳಲ್ಲಿ ಸಂಖ್ಯೆ ಏರಿದಷ್ಟೂ ತೊಂದರೆ ಎಂಬುದು ನಮಗೆಲ್ಲ ರೂಢಿಯಾಗಿರುವ ಲೆಕ್ಕ. ಇಲ್ಲಿ ಲೆಕ್ಕ ತಿರುವುಮುರುವಾಗಿದೆ. ಸಂಖ್ಯೆ ಹೆಚ್ಚಿದ್ದರೆ ಮಾದರಿಯಲ್ಲಿ ರೋಗಾಣುವಿನ ಅಂಶ ಕಡಿಮೆ. ಸಂಖ್ಯೆ ಕಡಿಮೆಯಿದ್ದರೆ ಅಂಶ ಹೆಚ್ಚು. ಏಕೆ ಹೀಗೆ ಎಂಬುದನ್ನು ತಿಳಿಯಲು ಪರೀಕ್ಷೆಯ ಒಳಗನ್ನು ನೋಡಬೇಕು.

ಪ್ರತಿಯೊಂದು ಜೀವಿಗೂ ತನ್ನದೇ ಆದ ಡಿಎನ್ಎ ಇರುತ್ತದೆ. ಕೆಲವು ವೈರಸ್‌ಗಳಿಗೆ ಅದರ ಬದಲು ಆರ್‌ಎನ್ಎ ಇರುತ್ತದೆ. ರೋಗಿಯ ಗಂಟಲಿನ ದ್ರವದಲ್ಲಾಗಲಿ, ಕಫದಲ್ಲಾಗಲಿ, ರಕ್ತದಲ್ಲಾಗಲಿ ರೋಗಾಣುವಿನ ಡಿಎನ್ಎ ಇದ್ದರೂ ಅದು ಕಣ್ಣಿಗೂ ಸಾಮಾನ್ಯ ಉಪಕರಣಕ್ಕೂ ನಿಲುಕದಷ್ಟು ಅಲ್ಪವಾಗಿರುತ್ತದೆ. ಅದನ್ನು ನಕಲು ಮಾಡಿ ಮಾಡಿ ಕಾಣುವಷ್ಟು ಹೆಚ್ಚಿಸುವುದೇ ಪಿಸಿಆರ್. ಅಮೆರಿಕದ ಕ್ಯಾರಿ ಮುಲ್ಲಿಸ್ ಅವರು 1983ರಲ್ಲಿ ಕಂಡುಕೊಂಡ ಈ ಉಪಾಯಕ್ಕೆ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಮಾದರಿಯನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್ಎಯ ಜೋಡಿ ಎಳೆಗಳು ಬಿಡಿಬಿಡಿಯಾಗುತ್ತವೆ. ಶಾಖವನ್ನು 60 ಡಿಗ್ರಿಯ ಆಸುಪಾಸಿಗೆ ಇಳಿಸಿದಾಗ, ಆ ರೋಗಾಣುವಿಗೆಂದೇ ಸಿದ್ಧಪಡಿಸಿದ ಪ್ರೈಮರ್ ಎಂಬ ಚಿಕ್ಕ ತುಣುಕುಗಳು ಬಿಡಿ ಎಳೆಗಳಲ್ಲಿ ತಮ್ಮ ಜಾಗವನ್ನು ಹುಡುಕಿ ಕೂರುತ್ತವೆ. ಅಲ್ಲಿಂದ ಒಂದು ಕಿಣ್ವವು ಹೊಸ ಎಳೆಯನ್ನು ಹೆಣೆಯುತ್ತದೆ. ಒಂದು ಇದ್ದದ್ದು ಎರಡಾಯಿತು. ಕುದಿಯುವಷ್ಟು ಶಾಖದಲ್ಲಿಯೂ ಕೆಡದಿರುವ ಆ ಕಿಣ್ವವು ಮೂಲತಃ ದೊರೆತದ್ದು ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶದ ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾದಿಂದ. ಸೃಷ್ಟಿಯಲ್ಲಿ ಯಾವ ಮೂಲೆಯ ಜೀವಿ ಯಾವ ಕಾಲಕ್ಕೆ ಯಾರ ಉಪಯೋಗಕ್ಕೆ ಬರುತ್ತದೆಂದು ಹೇಳಲಾಗದು.

ಕಾಯಿಸುವುದು, ತಣಿಸುವುದು, ಹೆಣೆಯುವುದು ಇಷ್ಟು ಸೇರಿ ಒಂದು ಸುತ್ತು. ಪ್ರತಿ ಸುತ್ತಿಗೂ ನಕಲುಗಳು ಇಮ್ಮಡಿಯಾಗುತ್ತವೆ. ಒಂದೇ ತುಣುಕಿನಿಂದ ಆರಂಭಿಸಿದರೆ 10 ಸುತ್ತಿಗೆ 1,024. 20 ಸುತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು. 30 ಸುತ್ತಿಗೆ ನೂರು ಕೋಟಿಯನ್ನು ದಾಟುತ್ತದೆ. ಸಾಮಾನ್ಯವಾಗಿ ಯಂತ್ರವು 40 ಸುತ್ತುಗಳವರೆಗೆ ಓಡುತ್ತದೆ. ಆರ್‌ಎನ್ಎ ಇರುವ ವೈರಸ್‌ಗಳಲ್ಲಿ ಮೊದಲು ಆರ್‌ಎನ್ಎಯನ್ನು ಡಿಎನ್ಎಯಾಗಿ ಪರಿವರ್ತಿಸಿಕೊಳ್ಳಬೇಕು. ಆರ್‌ಟಿಪಿಸಿಆರ್ ಎಂಬ ಹೆಸರಿನಲ್ಲಿರುವ 'ಆರ್‌ಟಿ' ಈ ಪರಿವರ್ತನೆಯನ್ನು ಸೂಚಿಸುತ್ತದೆ. ರಿಯಲ್ ಟೈಮ್ ಎಂಬುದು ಬೇರೆಯೇ ಮಾತು. ನಕಲುಗಳು ಹೆಚ್ಚುತ್ತಿರುವುದನ್ನು ಸುತ್ತು ಸುತ್ತಿಗೂ ಅಲ್ಲಲ್ಲಿಯೇ ನೋಡುತ್ತ ಹೋಗುವುದು ಎಂದು ಅದರ ಅರ್ಥ. ಎರಡರ ಮೊದಲಕ್ಷರಗಳೂ ಒಂದೇ ಆಗಿರುವುದರಿಂದ ಬಲ್ಲವರೂ ಕೆಲವೊಮ್ಮೆ ತಡವರಿಸುತ್ತಾರೆ.

ಮೊದಮೊದಲು ಎಲ್ಲ ಸುತ್ತುಗಳು ಮುಗಿದ ಬಳಿಕವಷ್ಟೇ ಫಲಿತಾಂಶವನ್ನು ನೋಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ರಸೆಲ್ ಹಿಗುಚಿ ಮತ್ತು ಅವರ ಸಂಗಡಿಗರು, ಡಿಎನ್ಎಗೆ ಅಂಟಿಕೊಂಡಾಗ ಬೆಳಗುವ ಬಣ್ಣವನ್ನು ನಳಿಕೆಯಲ್ಲಿ ಸೇರಿಸಿ, ನಡೆಯುತ್ತಿರುವ ಕ್ರಿಯೆಯನ್ನು ಕ್ಯಾಮೆರಾದಿಂದ ಗಮನಿಸುವ ಮಾರ್ಗವನ್ನು ತೋರಿಸಿದರು. ಇಂದಿನ ರೋಗಪರೀಕ್ಷೆಗಳಲ್ಲಿ ಹೆಚ್ಚಾಗಿ ಪ್ರೋಬ್ ಎಂಬ ಶೋಧಕ ತುಣುಕನ್ನು ಬಳಸುತ್ತಾರೆ. ತಾನು ಹುಡುಕುವ ಡಿಎನ್ಎ ಸಿಕ್ಕಿ, ನಕಲು ನಡೆದಾಗ ಮಾತ್ರ ಅದು ಬೆಳಕನ್ನು ಬಿಡುತ್ತದೆ. ನಕಲು ಹೆಚ್ಚಿದಂತೆ ಬೆಳಕೂ ಹೆಚ್ಚುತ್ತದೆ. ಅಡ್ಡಸಾಲಿನಲ್ಲಿ ಸುತ್ತುಗಳ ಸಂಖ್ಯೆಯನ್ನೂ ಲಂಬಸಾಲಿನಲ್ಲಿ ಬೆಳಕಿನ ಪ್ರಮಾಣವನ್ನೂ ಇಟ್ಟು ಎಳೆದಾಗ ಮೂಡುವ ಗೆರೆಯೇ ನಾವು ಇಲ್ಲಿ ಹೇಳಹೊರಟಿರುವ ವಕ್ರರೇಖೆ.

ಇದನ್ನು ಮನದಟ್ಟು ಮಾಡಿಕೊಳ್ಳಲು ದಾಸೋಹದ ಅಡುಗೆಮನೆಗೆ ಹೋದರೆ ಸಾಕು. ಒಂದೇ ಅಳತೆಯ ಉಗುರುಬೆಚ್ಚಗಿನ ಹಾಲಿರುವ ಎರಡು ಪಾತ್ರೆಗಳಿವೆಯೆಂದುಕೊಳ್ಳಿ. ಒಂದಕ್ಕೆ ಒಂದು ಸೌಟು ಹೆಪ್ಪು, ಇನ್ನೊಂದಕ್ಕೆ ಒಂದೇ ಹನಿ ಹೆಪ್ಪು. ಮೊದಲ ಒಂದೆರಡು ಗಂಟೆ ಎರಡರಲ್ಲಿಯೂ ಹಾಲು ಹಾಲಾಗಿಯೇ ಇರುತ್ತದೆ. ಒಳಗೆ ಕೆಲಸ ನಡೆಯುತ್ತಿದ್ದರೂ ಹೊರಗೆ ಏನೂ ಕಾಣದು. ಬಳಿಕ ಸೌಟು ಹೆಪ್ಪಿನ ಪಾತ್ರೆ ಬೇಗ ಗಟ್ಟಿಯಾಗತೊಡಗುತ್ತದೆ, ಹನಿ ಹೆಪ್ಪಿನದು ತಡವಾಗಿ. ಮರುದಿನ ಮಧ್ಯಾಹ್ನ ನೋಡಿದರೆ ಎರಡರಲ್ಲಿಯೂ ಗಟ್ಟಿ ಮೊಸರು. ಆಗ ಯಾವುದಕ್ಕೆ ಎಷ್ಟು ಹೆಪ್ಪು ಹಾಕಿದ್ದರೆಂದು ಮೊಸರನ್ನು ನೋಡಿ ಹೇಳಲಾಗದು. ಹೇಳಬೇಕಾದರೆ, ಹೆಪ್ಪುಗಟ್ಟಲು ಆರಂಭವಾದ ಹೊತ್ತನ್ನು ಗಮನಿಸಿಟ್ಟುಕೊಂಡಿರಬೇಕು.

ಪಿಸಿಆರ್‌ನ ವಕ್ರರೇಖೆಯೂ ಹೀಗೆಯೇ. ಆರಂಭದ ಸುತ್ತುಗಳಲ್ಲಿ ಅದು ನೆಲಕ್ಕಂಟಿದಂತೆ ಸಮತಟ್ಟಾಗಿ ಸಾಗುತ್ತದೆ. ನಕಲು ನಡೆಯುತ್ತಿದ್ದರೂ ಬೆಳಕು ಯಂತ್ರದ ಕಣ್ಣಿಗೆ ಬೀಳುವಷ್ಟಿರುವುದಿಲ್ಲ. ಈ ಭಾಗವನ್ನು ಆಧಾರರೇಖೆ ಎನ್ನೋಣ. ಅನಂತರ ರೇಖೆ ಒಮ್ಮೆಲೇ ಮೇಲಕ್ಕೇಳುತ್ತದೆ. ಇಮ್ಮಡಿಯಾಗುವ ಕ್ರಿಯೆ ಕಣ್ಣಿಗೆ ಕಾಣುವ ಹಂತವಿದು. ಕೊನೆಗೆ ಪ್ರೈಮರ್‌ಗಳು, ಇತರ ಸಾಮಗ್ರಿಗಳು ಮತ್ತು ಕಿಣ್ವದ ಶಕ್ತಿ ಕ್ಷೀಣಿಸಿ, ರೇಖೆ ಬಾಗಿ ಮತ್ತೆ ಸಮತಟ್ಟಾಗುತ್ತದೆ. ರೇಖೆ ಎಷ್ಟು ಎತ್ತರಕ್ಕೇರಿತು ಎಂಬುದರಿಂದ ರೋಗಾಣು ಎಷ್ಟಿತ್ತು ಎಂದು ಹೇಳಲು ಬರುವುದಿಲ್ಲ. ಅದು ಮರುದಿನದ ಮೊಸರು. ರೇಖೆ ಯಾವ ಸುತ್ತಿನಲ್ಲಿ ಏಳತೊಡಗಿತು ಎಂಬುದೇ ಮುಖ್ಯ. ಆಧಾರರೇಖೆಯ ಸಣ್ಣಪುಟ್ಟ ಏರಿಳಿತಗಳಿಗಿಂತ ಮೇಲೆ ಒಂದು ಅಡ್ಡಗೆರೆಯನ್ನು ಎಳೆದಿರುತ್ತಾರೆ. ಅದನ್ನು ಹೊಸ್ತಿಲು ಎನ್ನಬಹುದು. ವಕ್ರರೇಖೆ ಆ ಹೊಸ್ತಿಲನ್ನು ದಾಟಿದ ಸುತ್ತಿನ ಸಂಖ್ಯೆಯೇ ಸಿಟಿ ಮೌಲ್ಯ. ಹೆಪ್ಪು ಹೆಚ್ಚಿದ್ದರೆ ಬೇಗ ದಾಟುತ್ತದೆ, ಸಂಖ್ಯೆ ಚಿಕ್ಕದು. ಹೆಪ್ಪು ಕಡಿಮೆಯಿದ್ದರೆ ತಡವಾಗಿ ದಾಟುತ್ತದೆ, ಸಂಖ್ಯೆ ದೊಡ್ಡದು.

ಸಿಟಿ 20 ಮತ್ತು 30ರ ನಡುವಿನ ಅಂತರವನ್ನು ಒಂದೂವರೆ ಪಟ್ಟು ಎಂದು ಭಾವಿಸಬಾರದು. ಹತ್ತು ಸುತ್ತುಗಳ ಅಂತರವೆಂದರೆ ಹತ್ತು ಬಾರಿ ಇಮ್ಮಡಿ, ಅಂದರೆ ಸುಮಾರು ಸಾವಿರ ಪಟ್ಟು. ಮೂರು ಚಿಲ್ಲರೆ ಸುತ್ತುಗಳಿಗೆ ಹತ್ತು ಪಟ್ಟು ವ್ಯತ್ಯಾಸ. ಇದು ಕ್ರಿಯೆ ಸರಿಯಾಗಿ ನಡೆದಾಗಿನ ಲೆಕ್ಕ.

"40 ಸುತ್ತು ಓಡಿಸಿದರೆ ನೀರನ್ನು ಹಾಕಿದರೂ ಪಾಸಿಟಿವ್ ಬರುತ್ತದೆ" ಎಂದು ಆಗ ಮೊಬೈಲ್‌ಗಳಲ್ಲಿ ಹರಿದಾಡಿದ ಮಾತು ಇಂದಿಗೂ ಕೆಲವರ ಬಾಯಲ್ಲಿದೆ. ಹೆಪ್ಪನ್ನೇ ಹಾಕದ ಹಾಲನ್ನು ಎಷ್ಟು ಹೊತ್ತು ಕಾದರೂ ಅದು ಒಡೆದೀತೇ ಹೊರತು ಗಟ್ಟಿ ಮೊಸರಾಗದು. ಪ್ರತಿ ಬಾರಿಯೂ ಪ್ರಯೋಗಾಲಯದವರು ರೋಗಿಗಳ ಮಾದರಿಗಳ ಪಕ್ಕದಲ್ಲಿಯೇ ರೋಗಾಣುವಿಲ್ಲದ ಒಂದು ನಳಿಕೆಯನ್ನೂ ಇಟ್ಟು ಅಷ್ಟೇ ಸುತ್ತು ಓಡಿಸುತ್ತಾರೆ. ಅದರ ರೇಖೆ ಕೊನೆಯವರೆಗೂ ನೆಲಮಟ್ಟದಲ್ಲಿಯೇ ಇರಬೇಕು. ಅದೇನಾದರೂ ಎದ್ದಿತೆಂದರೆ ಎಲ್ಲಿಯೋ ಕಲಬೆರಕೆಯಾಗಿದೆ ಎಂದರ್ಥ. ಅಂದಿನ ಇಡೀ ತಂಡದ ಫಲಿತಾಂಶಗಳನ್ನು ತಡೆಹಿಡಿದು ಮತ್ತೆ ಮಾಡಬೇಕಾಗುತ್ತದೆ. ಹಾಗೆಯೇ, ರೋಗಾಣುವಿನ ಅಂಶವಿದೆಯೆಂದು ಖಚಿತವಾಗಿರುವ ಇನ್ನೊಂದು ನಳಿಕೆಯೂ ಇರುತ್ತದೆ. ಅದರ ರೇಖೆ ಏಳಲೇಬೇಕು.

ಮೂರನೆಯ ಕಾವಲೊಂದು ರೋಗಿಯ ಮಾದರಿಯ ಒಳಗೇ ಇರುತ್ತದೆ. ಗಂಟಲ ದ್ರವದ ಪರೀಕ್ಷೆಗಳಲ್ಲಿ ಮನುಷ್ಯನದೇ ಆದ ಒಂದು ವಂಶವಾಹಿಯನ್ನು ಜೊತೆಯಲ್ಲಿ ಹುಡುಕುವುದು ರೂಢಿ. ವೈರಸ್ಸಿನ ರೇಖೆ ಏಳಲಿಲ್ಲ, ಮನುಷ್ಯ ವಂಶವಾಹಿಯ ರೇಖೆ ಎದ್ದಿತು ಎಂದರೆ, ಮಾದರಿಯಲ್ಲಿ ರೋಗಿಯ ಜೀವಕೋಶಗಳಿದ್ದವು, ಕ್ರಿಯೆ ಸರಿಯಾಗಿ ನಡೆಯಿತು, ವೈರಸ್ ಸಿಗಲಿಲ್ಲ ಎಂದು ಹೇಳಬಹುದು. ಎರಡೂ ಏಳಲಿಲ್ಲವೆಂದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ನಡೆದಿಲ್ಲ. ಕಡ್ಡಿಯನ್ನು ಸರಿಯಾಗಿ ಆಡಿಸದಿರಬಹುದು, ಅಥವಾ ಮಾದರಿಯಲ್ಲಿ ಬೆರೆತ ರಕ್ತವೋ ಗೋಂದಿನಂತಹ ಲೋಳೆಯೋ ಕಿಣ್ವದ ಕೆಲಸಕ್ಕೆ ಅಡ್ಡಿಯಾಗಿರಬಹುದು. ವರದಿಯಲ್ಲಿ 'ಇನ್‌ವ್ಯಾಲಿಡ್' ಎಂದು ಬರೆಯುವುದು ಇದನ್ನೇ. ಇದನ್ನು ಓದಿ "ಏನೂ ಇಲ್ಲವಂತೆ" ಎಂದು ನೆಮ್ಮದಿಯಿಂದ ಮದುವೆಮನೆಗೆ ಹೋದವರನ್ನು ನಾನು ಬಲ್ಲೆ. ಹೊಸ ಮಾದರಿಯನ್ನು ಕೊಡಬೇಕೆಂದು ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಇದಕ್ಕೊಂದು ಅಪವಾದವೂ ಉಂಟು. ರೋಗಾಣು ಅತಿ ಹೇರಳವಾಗಿದ್ದಾಗ ಸಾಮಗ್ರಿಯನ್ನೆಲ್ಲ ಅದೇ ಬಳಸಿಕೊಂಡು, ಮನುಷ್ಯ ವಂಶವಾಹಿಯ ರೇಖೆ ಕುಗ್ಗಬಹುದು. ಆಗ ಫಲಿತಾಂಶ ಪಾಸಿಟಿವ್ ಎಂದೇ ಉಳಿಯುತ್ತದೆ.

ಇಲ್ಲಿಯೇ ರೇಖೆಯ ಆಕಾರವನ್ನು ಕಣ್ಣಾರೆ ನೋಡುವವರ ಅಗತ್ಯ ಬರುವುದು. ಯಂತ್ರದ ಗಣಕವು ಹೊಸ್ತಿಲು ದಾಟಿದ ಸಂಖ್ಯೆಯನ್ನು ಅಚ್ಚುಹಾಕಿ ಕೊಡುತ್ತದೆ. ದಾಟಿದ ಬಗೆ ಹೇಗಿತ್ತೆಂದು ನೋಡುವುದು ನುರಿತ ತಂತ್ರಜ್ಞರ ಕೆಲಸ. ನಿಜವಾದ ನಕಲಿನ ರೇಖೆ ನೆಲಮಟ್ಟದಲ್ಲಿ ಸಾಗಿ, ಚುರುಕಾಗಿ ಎದ್ದು, ಬಾಗಿ ನಿಲ್ಲುತ್ತದೆ. ಅದು ಇಂಗ್ಲಿಷಿನ ಎಸ್ ಅಕ್ಷರವನ್ನು ಹಿಡಿದೆಳೆದಂತೆ ಕಾಣುತ್ತದೆ. ಮೊದಲಿನಿಂದ ಕೊನೆಯವರೆಗೂ ನಿಧಾನವಾಗಿ ಓರೆಯಾಗಿ ತೆವಳುತ್ತ, ಕೊನೆಯ ಸುತ್ತುಗಳಲ್ಲಿ ಹೊಸ್ತಿಲನ್ನು ಮುಟ್ಟುವ ಗೆರೆಯು ಹೆಚ್ಚಾಗಿ ಬೆಳಕಿನ ಹಿನ್ನೆಲೆ ಸರಿದುದರ ಫಲವೇ ಹೊರತು ರೋಗಾಣುವಿನದಲ್ಲ. ನಡುವೆ ಒಮ್ಮೆ ಚಿಮ್ಮಿ ಕೆಳಗಿಳಿದ ಗೆರೆಯನ್ನು ಕಂಡರೆ ನಳಿಕೆಯಲ್ಲಿ ಗಾಳಿಗುಳ್ಳೆ ಇತ್ತೆಂದು ಶಂಕಿಸಬೇಕು. ಇದಕ್ಕೆ ತದ್ವಿರುದ್ಧವಾದ ಪ್ರಮಾದವೂ ಇದೆ. ರೋಗಾಣು ಅತಿ ಹೆಚ್ಚಾಗಿದ್ದು ಆಧಾರರೇಖೆಯನ್ನು ಲೆಕ್ಕಹಾಕುವ ಸುತ್ತುಗಳಲ್ಲಿಯೇ ರೇಖೆ ಏಳತೊಡಗಿದರೆ, ಗಣಕವು ಆ ಏರಿಕೆಯನ್ನೂ ಹಿನ್ನೆಲೆಯೆಂದೇ ಭಾವಿಸಿ ಕಳೆದುಬಿಡುತ್ತದೆ. ಆಗ ರೇಖೆ ಕೆಳಮುಖವಾಗಿ ವಿರೂಪಗೊಳ್ಳುತ್ತದೆ. ತೀವ್ರವಾಗಿ ಪಾಸಿಟಿವ್ ಆಗಿರುವ ವ್ಯಕ್ತಿಯ ವರದಿ ನೆಗೆಟಿವ್ ಎಂದು ಹೊರಬೀಳುವ ಅಪಾಯ ಇಲ್ಲಿದೆ. ಯಂತ್ರ ಹೇಳಿದ ಮಾತ್ರಕ್ಕೆ ಸರಿ ಎಂದು ನಂಬುವ ಪ್ರಯೋಗಾಲಯಕ್ಕೂ, ರೇಖೆಯನ್ನು ನೋಡಿ ಸಹಿ ಹಾಕುವ ಪ್ರಯೋಗಾಲಯಕ್ಕೂ ಇರುವ ವ್ಯತ್ಯಾಸವು ಇಂತಹ ಕಡೆ ತಿಳಿಯುತ್ತದೆ.

ಕೆಲವೊಮ್ಮೆ ಏಳದ ರೇಖೆಯೇ ಸುದ್ದಿಯನ್ನು ತರುತ್ತದೆ. ಕೋವಿಡ್ ಪರೀಕ್ಷೆಯ ಕೆಲವು ಕಿಟ್‌ಗಳು ವೈರಸ್ಸಿನ ಮೂರು ವಂಶವಾಹಿಗಳನ್ನು ಹುಡುಕುತ್ತಿದ್ದವು. 2021ರ ಕೊನೆಯಲ್ಲಿ ಒಮಿಕ್ರಾನ್ ಬಂದಾಗ ಎರಡರ ರೇಖೆ ಎಂದಿನಂತೆ ಎದ್ದು, ಎಸ್ ವಂಶವಾಹಿಯ ರೇಖೆ ಮಾತ್ರ ಏಳದೆ ಉಳಿಯುತ್ತಿತ್ತು. ವೈರಸ್ ಆ ಜಾಗದಲ್ಲಿ ರೂಪಾಂತರಗೊಂಡಿದ್ದರಿಂದ ಶೋಧಕಕ್ಕೆ ತನ್ನ ಗುರುತು ಸಿಗುತ್ತಿರಲಿಲ್ಲ. ಆ ಕೊರತೆಯನ್ನು ನೋಡಿಯೇ ಅನೇಕ ದೇಶಗಳಲ್ಲಿ ಹೊಸ ತಳಿಯ ಹರಡುವಿಕೆಯನ್ನು ಬೇಗನೆ ಊಹಿಸಲು ಸಾಧ್ಯವಾಯಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಸಿಟಿ 34 ಎಂದರೆ ಏನು? ಮಾದರಿಯಲ್ಲಿ ರೋಗಾಣುವಿನ ಅಂಶ ಅಲ್ಪವಾಗಿತ್ತು ಎಂದಷ್ಟೇ. ಸೋಂಕಿನ ಆರಂಭದಲ್ಲಿ ವೈರಸ್ ಏರುತ್ತಿರುವಾಗ ಪರೀಕ್ಷಿಸಿದರೂ 34 ಬರಬಹುದು. ಮೂರು ವಾರ ಕಳೆದು ವೈರಸ್ ಇಳಿದುಹೋಗುತ್ತಿರುವಾಗಲೂ 34 ಬರಬಹುದು. ಮೊದಲನೆಯವರು ನಾಳೆ ಮನೆಮಂದಿಗೆಲ್ಲ ಹರಡಬಲ್ಲರು, ಎರಡನೆಯವರಿಂದ ಆ ಭಯ ತೀರ ಕಡಿಮೆ. ಸಂಖ್ಯೆ ಒಂದೇ, ಅರ್ಥ ಬೇರೆ. ಕಡ್ಡಿಯನ್ನು ಮೂಗಿನ ತುದಿಯಲ್ಲಿ ಮುಟ್ಟಿಸಿ ತೆಗೆದರೂ 34 ಬರಬಹುದು. ಒಂದು ಕಿಟ್ಟಿನಲ್ಲಿ 28 ಎಂದು ಬಂದದ್ದು ಇನ್ನೊಂದರಲ್ಲಿ 31 ಎಂದು ಬಂದರೆ ಅಚ್ಚರಿಯಿಲ್ಲ, ಏಕೆಂದರೆ ಹುಡುಕುವ ವಂಶವಾಹಿಯೂ ಹೊಸ್ತಿಲಿನ ಎತ್ತರವೂ ಎರಡರಲ್ಲಿ ಬೇರೆಬೇರೆ. ಈ ಕಾರಣಗಳಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ, ಸಿಟಿ ಮೌಲ್ಯವನ್ನು ನೋಡಿ ಕೋವಿಡ್ ರೋಗದ ತೀವ್ರತೆಯನ್ನು ನಿರ್ಧರಿಸುವುದು ತಕ್ಕುದಲ್ಲವೆಂದು ಸೂಚಿಸಿತು. ಏದುಸಿರು ಬಿಡುತ್ತಿರುವ ರೋಗಿಯ ಆಮ್ಲಜನಕದ ಮಟ್ಟವನ್ನು ನೋಡದೆ, "ಸಿಟಿ 33 ಇದೆ, ಭಯವಿಲ್ಲ" ಎಂದು ಮನೆಯಲ್ಲಿಯೇ ಇರಿಸಿಕೊಂಡು ಕಷ್ಟಕ್ಕೊಳಗಾದ ಕುಟುಂಬಗಳು ಆ ದಿನಗಳಲ್ಲಿ ಇದ್ದವು.

ನನ್ನ ವೃತ್ತಿಬಾಂಧವರಿಗೆ ಕಹಿಯೆನಿಸಿದರೂ ಇನ್ನೊಂದು ಮಾತನ್ನು ಹೇಳಲೇಬೇಕು. "ನಮ್ಮ ಕಷಾಯವನ್ನು ಐದು ದಿನ ಸೇವಿಸಿದ್ದರಿಂದ ಸಿಟಿ 22ರಿಂದ 31ಕ್ಕೆ ಏರಿತು" ಎಂಬಂತಹ ಜಾಹೀರಾತುಗಳನ್ನು ಓದುಗರೂ ಕಂಡಿರಬಹುದು. ಕಷಾಯವನ್ನು ಕುಡಿಯದವರಲ್ಲಿಯೂ ಆ ರೋಗ ತಾನಾಗಿ ಇಳಿಯುವಾಗ ಸಿಟಿ ಹಾಗೆಯೇ ಏರುತ್ತದೆ. ಔಷಧವನ್ನು ಪಡೆದ ಗುಂಪು, ಪಡೆಯದ ಗುಂಪು ಎರಡನ್ನೂ ಒಂದೇ ಬಗೆಯ ಕಿಟ್ಟಿನಲ್ಲಿ ಒಂದೇ ದಿನಗಳ ಅಂತರದಲ್ಲಿ ಪರೀಕ್ಷಿಸಿ ಹೋಲಿಸದೆ ಇಂತಹ ಮಾತನ್ನು ಆಡುವುದು ಆಯುರ್ವೇದಕ್ಕೆ ಗೌರವ ತರುವುದಿಲ್ಲ. ಚರಕಾಚಾರ್ಯರು ರೋಗಜ್ಞಾನಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ದಾರಿಗಳನ್ನು ಹೇಳಿದ್ದಾರೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ಪಿಸಿಆರ್‌ನ ರೇಖೆಯೂ ಹೊಗೆಯೇ. ನಾವು ನೋಡುವುದು ಬೆಳಕನ್ನು, ಊಹಿಸುವುದು ರೋಗಾಣುವನ್ನು. ಆರಿದ ಒಲೆಯಿಂದಲೂ ಸ್ವಲ್ಪ ಹೊತ್ತು ಹೊಗೆ ಏಳುತ್ತಿರುತ್ತದೆ.

ಈ ಆರಿದ ಒಲೆಯ ಮಾತು ಕ್ಷಯರೋಗದಲ್ಲಿ ಬಹಳ ಮುಖ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಎಂದು ಕರೆಯುವ ಯಂತ್ರವೂ, ಗೋವಾದಲ್ಲಿ ತಯಾರಾಗಿ ಬ್ಯಾಟರಿಯಿಂದಲೂ ನಡೆಯುವ ಟ್ರೂನ್ಯಾಟ್ ಯಂತ್ರವೂ ರಿಯಲ್ ಟೈಮ್ ಪಿಸಿಆರ್‌ಗಳೇ. ಸಿಬಿನ್ಯಾಟ್ ಸುಮಾರು ಎರಡು ಗಂಟೆಯೊಳಗೆ, ಕಫದಲ್ಲಿ ಕ್ಷಯದ ಡಿಎನ್ಎ ಇದೆಯೇ ಎಂಬುದನ್ನೂ ರಿಫಾಂಪಿಸಿನ್ ಎಂಬ ಪ್ರಧಾನ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸುತ್ತದೆ. ಅದರಲ್ಲಿ ಐದು ಶೋಧಕಗಳು ಒಂದೇ ವಂಶವಾಹಿಯ ಐದು ಭಾಗಗಳನ್ನು ಹುಡುಕುತ್ತವೆ. ಐದು ರೇಖೆಗಳೂ ಹೆಚ್ಚುಕಡಿಮೆ ಒಟ್ಟಿಗೆ ಎದ್ದರೆ ಔಷಧಕ್ಕೆ ಬಗ್ಗುವ ಕ್ಷಯ. ಒಂದು ರೇಖೆ ಏಳದಿದ್ದರೆ ಅಥವಾ ಉಳಿದವುಗಳಿಗಿಂತ ಬಹಳ ಹಿಂದೆ ಬಿದ್ದರೆ ಆ ಭಾಗದಲ್ಲಿ ಬದಲಾವಣೆಯಾಗಿದೆ, ಔಷಧ ನಾಟಲಾರದು ಎಂದರ್ಥ. ತಿಂಗಳುಗಟ್ಟಲೆ ಕಾಯಬೇಕಿದ್ದ ಉತ್ತರವು ಅದೇ ದಿನ ದೊರೆಯುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಪಿಸಿಆರ್‌ಗೆ ಬದುಕಿರುವ ರೋಗಾಣುವೂ ಸತ್ತ ರೋಗಾಣುವೂ ಒಂದೇ. ಅದು ನೋಡುವುದು ಡಿಎನ್ಎಯನ್ನು ಮಾತ್ರ. ಔಷಧದಿಂದ ಸತ್ತ ಕ್ಷಯಾಣುಗಳ ಡಿಎನ್ಎ ಕಫದಲ್ಲಿ ತಿಂಗಳುಗಳವರೆಗೆ ಸಿಗುತ್ತಿರಬಹುದು. ನನ್ನ ಬಳಿಗೆ ಬಂದ ಒಬ್ಬ ಹಿರಿಯರು ಎರಡು ತಿಂಗಳು ತಪ್ಪದೆ ಮಾತ್ರೆಗಳನ್ನು ತೆಗೆದುಕೊಂಡಿದ್ದರು. ಜ್ವರ ನಿಂತು, ನಾಲ್ಕು ಕಿಲೋ ತೂಕ ಹೆಚ್ಚಿತ್ತು. ಮಕ್ಕಳು ಉತ್ಸಾಹದಿಂದ ಖಾಸಗಿಯಾಗಿ ಮತ್ತೊಮ್ಮೆ ಈ ಪರೀಕ್ಷೆಯನ್ನು ಮಾಡಿಸಿದರು. ಪಾಸಿಟಿವ್ ಎಂದು ಬಂತು. "ಸರ್ಕಾರಿ ಮಾತ್ರೆಯಿಂದ ಪ್ರಯೋಜನವಾಗಲಿಲ್ಲ, ನಿಲ್ಲಿಸಿ ನಿಮ್ಮ ಔಷಧವನ್ನೇ ಕೊಡಿ ಅಜ್ಜಾರೇ" ಎಂದು ಅವರು ನನ್ನನ್ನು ಕೇಳಿಕೊಂಡರು. ನಾನು ಅವರನ್ನು ಕ್ಷಯ ಕೇಂದ್ರಕ್ಕೇ ಮರಳಿ ಕಳುಹಿಸಿದೆ. ಚಿಕಿತ್ಸೆಯ ನಡುವೆ ಗುಣವನ್ನು ಅಳೆಯಲು ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ, ಅಗತ್ಯವಿದ್ದರೆ ಕಲ್ಚರ್ ಮಾಡುವ ಕ್ರಮವಿದೆ. ಅದಕ್ಕೆ ಈ ಪರೀಕ್ಷೆಯನ್ನು ಬಳಸುವುದಿಲ್ಲ. ಕಫದಲ್ಲಿ ಕ್ಷಯಾಣುಗಳು ಕಾಣಲಿಲ್ಲ. ಅವರು ಆರು ತಿಂಗಳನ್ನು ಪೂರೈಸಿದರು. ನಡುವೆ ನಿಲ್ಲಿಸಿದ್ದರೆ ಮರುಕಳಿಸುವ ಕ್ಷಯ ಔಷಧಕ್ಕೆ ಬಗ್ಗದಂತಾಗುವ ಸಂಭವವಿತ್ತು.

ಮಲೆನಾಡಿನ ಭಕ್ತರಿಗೆ ಇನ್ನೊಂದು ಸಂಗತಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್, ಜ್ವರ ಆರಂಭವಾದ ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ಹೇರಳವಾಗಿರುತ್ತದೆ. ಆಗ ಪಿಸಿಆರ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಬಳಿಕ ವೈರಸ್ ರಕ್ತದಿಂದ ಇಳಿಯುತ್ತದೆ, ದೇಹದ ಪ್ರತಿಕಾಯಗಳು ಏರುತ್ತವೆ. ಹತ್ತು ಹನ್ನೆರಡು ದಿನಗಳ ಮೇಲೆ ಮಾಡಿಸಿದ ಪಿಸಿಆರ್ ರೇಖೆ ನೆಲಮಟ್ಟದಲ್ಲಿದ್ದರೆ ಕಾಯಿಲೆ ಇರಲಿಲ್ಲವೆಂದು ಹೇಳಲಾಗದು. ಆಗ ಐಜಿಎಂ ಪ್ರತಿಕಾಯದ ಪರೀಕ್ಷೆ ಬೇಕಾಗುತ್ತದೆ. ಡೆಂಗ್ಯೂವಿಗೂ ಬಹುಮಟ್ಟಿಗೆ ಇದೇ ಕ್ರಮ ಅನ್ವಯಿಸುತ್ತದೆ. ಆದುದರಿಂದ ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ, ಮೈಕೈ ನೋವು ಕಾಣಿಸಿದರೆ ಮನೆಮದ್ದಿನಲ್ಲಿ ವಾರ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಜ್ವರ ಯಾವ ದಿನ ಆರಂಭವಾಯಿತೆಂಬುದನ್ನು ನೆನಪಿಟ್ಟು ಹೇಳಬೇಕು. ಯಾವ ಪರೀಕ್ಷೆಯನ್ನು ಮಾಡಬೇಕೆಂಬುದು ಆ ಒಂದು ದಿನಾಂಕದ ಮೇಲೆ ನಿಂತಿದೆ.

ವಕ್ರರೇಖೆಯನ್ನು ಸಾಮಾನ್ಯವಾಗಿ ರೋಗಿಗಳಿಗೆ ಕೊಡುವುದಿಲ್ಲ, ಸಂಖ್ಯೆ ಅಥವಾ ಪಾಸಿಟಿವ್, ನೆಗೆಟಿವ್ ಎಂಬ ಮಾತು ಮಾತ್ರ ಬರುತ್ತದೆ. ಸಂಖ್ಯೆ ಗಡಿಯ ಹತ್ತಿರವಿದ್ದು ರೋಗಲಕ್ಷಣಗಳಿಗೆ ಹೊಂದದಿದ್ದರೆ, "ರೇಖೆ ಸರಿಯಾಗಿತ್ತೇ, ಒಳಗಿನ ನಿಯಂತ್ರಣ ಎದ್ದಿತ್ತೇ, ಮತ್ತೊಮ್ಮೆ ಮಾದರಿ ಬೇಕೇ?" ಎಂದು ವೈದ್ಯರ ಮೂಲಕ ಕೇಳಿಸಬಹುದು. ಒಳ್ಳೆಯ ಪ್ರಯೋಗಾಲಯದವರು ಇದರಿಂದ ಸಿಟ್ಟಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಹೊಸದಾಗಿ ತೆಗೆದ ಮಾದರಿಯಲ್ಲಿ ಸಂಖ್ಯೆ ಇಳಿದರೆ ಸೋಂಕು ಏರುತ್ತಿದೆ. ಏರಿದರೆ ಅಥವಾ ರೇಖೆಯೇ ಕಾಣದಾದರೆ ಇಳಿಯುತ್ತಿದೆ ಎಂದು ಅಂದಾಜು ಮಾಡಬಹುದು. ಎರಡೂ ಸಲ ಒಂದೇ ಪ್ರಯೋಗಾಲಯಕ್ಕೆ ಹೋಗಿರಬೇಕು.

ಮಾದರಿಯನ್ನು ಚೆನ್ನಾಗಿ ಕೊಡುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಕಫ ಪರೀಕ್ಷೆಗೆ ಹೋಗುವವರು ಬೆಳಿಗ್ಗೆ ಎದ್ದ ಕೂಡಲೇ, ಏನನ್ನೂ ತಿನ್ನುವ ಮೊದಲು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಮನೆಯವರಿಂದ ದೂರವಾಗಿ ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಡಬ್ಬಿಯಲ್ಲಿ ಹಿಡಿದು ಮುಚ್ಚಳವನ್ನು ಬಿಗಿಯಾಗಿ ಹಾಕಬೇಕು. ಬಾಯಿಯ ಎಂಜಲು ಸಾಲದು. ವೀಳ್ಯದೆಲೆ, ತಂಬಾಕು ಹಾಕುವ ಅಭ್ಯಾಸವಿರುವವರು ಹಿಂದಿನ ರಾತ್ರಿಯೇ ಬಾಯಿಯನ್ನು ಸ್ವಚ್ಛಮಾಡಿಕೊಂಡು ಮಲಗುವುದು ಮೇಲು. ಡಬ್ಬಿಯನ್ನು ಅದೇ ದಿನ ಬೆಳಿಗ್ಗೆ ಕೇಂದ್ರಕ್ಕೆ ತಲುಪಿಸಿ.